ನಾನು ಕಟ್ಟಿದ ವಿದ್ಯುತ್ ಗಿಟಾರು

ಸಂಗೀತ ಕೇಳಿ ತಲೆದೂಗುವವರು ನಮ್ಮ ಕಾಲೇಜಿನಲ್ಲಿ ಬಹುಮಂದಿ ಇದ್ದಾರೆ. ನಾದ ಹುಟ್ಟಿಸುವ ವಾದ್ಯದ ಒಡಲೊಳಗೆ ಇಣಿಕಿ ನೋಡುವವರು ವಿರಳ. ನಾನೂ ಮೊದಲಿನ ಗುಂಪಿಗೇ ಸೇರಿದವನು. ಕಳೆದ ಬೇಸಿಗೆಯ ರಜೆಯಲ್ಲಿ ಮನೆಯಲ್ಲಿಯೇ ಒಂದು ವಿದ್ಯುತ್ ಗಿಟಾರನ್ನು ಜೋಡಿಸಿದೆ. ಆ ವೃತ್ತಾಂತವನ್ನು, ನಾನು ಮಾಡಿದ ತಪ್ಪನ್ನೂ ಮುಚ್ಚಿಡದೆ, ವಾಚಕರ ಮುಂದಿಡುತ್ತಿದ್ದೇನೆ. ನಾನು ಕಲಾವಿಭಾಗದ ವಿದ್ಯಾರ್ಥಿ. ಎಲ್ಲಿಯಾದರೂ ಎಡವಿದ್ದರೆ ಭೌತಶಾಸ್ತ್ರ ಬಲ್ಲವರು ತಿದ್ದಬೇಕಾಗಿ ವಿನಂತಿ.

ನಮ್ಮ ತಂದೆಯವರು ಬಡಗಿಗಳು. ಅಜ್ಜಿಯ ಮನೆಯ ಹಿತ್ತಿಲಲ್ಲಿ ಮಳೆಗೆ ಉರುಳಿದ ಹಳೆಯ ಹಲಸಿನ ಮರದ ಎರಡು ಹಲಗೆಗಳನ್ನು ಅವರು ಜೋಪಾನವಾಗಿ ಇಟ್ಟಿದ್ದರು. ಒಂದು ಊಟದ ಮಣೆಗಳಾಯಿತು. ಮತ್ತೊಂದು ಅಟ್ಟದ ಮೇಲೆ ಒಣಗುತ್ತಿತ್ತು. ಗಿಟಾರಿನ ಒಡಲಿಗೆ ಮರ ಬೇಕೆಂದು ನಾನು ಹಿಂಜರಿಯುತ್ತ ಕೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ವೀಣೆ ಮಾಡೋದೂ ಹಲಸಿನ ಮರದಲ್ಲೇ. ತಗೋ. ಆದರೆ ಕೆಡಿಸಿದರೆ ಇನ್ನೊಂದು ಇಲ್ಲ, ತಿಳೀತೇನಪ್ಪಾ?" ಎಂದು ಹಲಗೆಯನ್ನು ಇಳಿಸಿಕೊಟ್ಟರು. ಆ ಮಾತು ರಜೆಯುದ್ದಕ್ಕೂ ನನ್ನ ಬೆನ್ನ ಹಿಂದೆಯೇ ಇತ್ತು.

ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಗಿಟಾರು ಕೂಡಿಸಲು ಸಾಧ್ಯವಾಗಿರುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬಾತನಿಗೆ ನಾವು ಋಣಿಗಳು. ಆತ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರು ನುಡಿಸಲು ಬಾರದವನು. ೧೯೫೦ರಲ್ಲಿ ಆತ ಟೊಳ್ಳಿಲ್ಲದ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದ. ೧೯೫೧ರಿಂದ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ಅದರ ಕತ್ತನ್ನು ಒಡಲಿಗೆ ಅಂಟಿನಿಂದ ಬೆಸೆಯದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಬಡಗಿಯ ಮಗನಾದ ನಾನು ಅದೇ ಮಾದರಿಯನ್ನು ಹಿಡಿದೆ. ಕತ್ತು ಮಾತ್ರ ಮೆಟ್ಟಿಲು ಕೂಡಿಸಿದ ಸಿದ್ಧ ವಸ್ತು. ಅದನ್ನು ಕೊಂಡು ತಂದೆ. ಅದರ ಬೆರಳುಪಟ್ಟಿ ಬೀಟೆ ಮರದ್ದು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಈ ಮರಕ್ಕೆ ಲೋಕದ ಗಿಟಾರು ತಯಾರಕರಲ್ಲಿ ದೊಡ್ಡ ಮರ್ಯಾದೆಯಿದೆ.

ಇನ್ನು ಇದರ ಮರ್ಮವನ್ನು ಹೇಳುತ್ತೇನೆ. ವೀಣೆಗೆ ಒಡಲ ಕೊಡದ ಟೊಳ್ಳೇ ಧ್ವನಿ ಕೊಡುತ್ತದೆ. ಇಲ್ಲಿ ಆ ಕೆಲಸ ಪಿಕಪ್ ಎಂಬ ಪುಟ್ಟ ಪೆಟ್ಟಿಗೆಯದು. ಅದರಲ್ಲಿ ಅಯಸ್ಕಾಂತಗಳ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲುತ್ತದೆ. ಕದಲಿದರೆ ತಾಮ್ರದಲ್ಲಿ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಇದು. ಆ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿಯಾಗಿಸುತ್ತದೆ. ಉಕ್ಕಿಗೆ ಬದಲಾಗಿ ಹಿತ್ತಾಳೆಯ ತಂತಿ ಬಿಗಿದರೆ ಪಿಕಪ್ಪಿಗೆ ಅದು ಬಹುಮಟ್ಟಿಗೆ ಕೇಳಿಸದು.

ಸುಮಾರು ೪೫ ಮಿಲಿಮೀಟರು ದಪ್ಪದ ಹಲಗೆಯನ್ನು ಆಕಾರಕ್ಕೆ ಕೊಯ್ದು, ಕತ್ತು ಕೂರಲು ೧೬ ಮಿಲಿಮೀಟರು ಆಳದ ಗೂಡನ್ನು ಉಳಿಯಿಂದ ತೆಗೆದೆ. ಗೂಡು ಸಡಿಲವಾಗದೆ ಕತ್ತು ಕೈಯೊತ್ತಿಗೆ ಬಿಗಿಯಾಗಿ ಕೂರಬೇಕು. ಇಷ್ಟರವರೆಗೆ ಅಪ್ಪನ ಕಣ್ಣು ನನ್ನ ಮೇಲಿತ್ತು. ಅವರು ಊರಿಗೆ ಹೋದ ಒಂದು ದಿನ, ಆತುರದಿಂದ ಕುದುರೆಯನ್ನು ನಾನೊಬ್ಬನೇ ಬಿಗಿದೆ. ತಪ್ಪಾದುದು ಅಲ್ಲಿಯೇ.

ಆ ತಪ್ಪು ಅರ್ಥವಾಗಬೇಕಾದರೆ ಮೆಟ್ಟಿಲುಗಳ ಲೆಕ್ಕ ತಿಳಿಯಬೇಕು. ತಂತಿಯ ಉದ್ದವನ್ನು ಅರ್ಧಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಈ ಮಾದರಿಯ ಗಿಟಾರಿನಲ್ಲಿ ತಲೆಯ ಬಳಿಯ ತೋಡುಪಟ್ಟಿಯಿಂದ ಕುದುರೆಗೆ ೬೪೮ ಮಿಲಿಮೀಟರು. ಆದುದರಿಂದ ಹನ್ನೆರಡನೆಯ ಮೆಟ್ಟಿಲು ೩೨೪ರಲ್ಲಿ ಇರಬೇಕು. ನಡುವಣ ಹನ್ನೆರಡು ಸ್ವರಗಳನ್ನು ಸಮಪ್ರಮಾಣದಲ್ಲಿ ಹಂಚಲು, ಉಳಿದ ಉದ್ದವನ್ನು ಪ್ರತಿಸಲವೂ ೧೭.೮೧೭ರಿಂದ ಭಾಗಿಸುತ್ತ ಹೋಗುತ್ತಾರೆ. ಮೊದಲನೆಯ ಮೆಟ್ಟಿಲು ಸುಮಾರು ೩೬.೪ ಮಿಲಿಮೀಟರಿಗೆ ಬರುತ್ತದೆ. ಎರಡನೆಯದು ಅಲ್ಲಿಂದ ೩೪.೩ಕ್ಕೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ ಕಿವಿಗೆ ಒಪ್ಪುವಂತೆ ಅವುಗಳನ್ನು ಸರಿಸಬಹುದು. ಗಿಟಾರಿನವು ಮರದೊಳಕ್ಕೆ ಬಡಿದ ಲೋಹದ ಸರಳುಗಳು, ಕದಲುವುದಿಲ್ಲ. ಹೀಗಾಗಿ ಶ್ರುತಿಯ ಹೊಣೆಯೆಲ್ಲ ಕುದುರೆಯ ಮೇಲೆ ಬೀಳುತ್ತದೆ.

ನಾನು ತೋಡುಪಟ್ಟಿಯ ಒಳ ಅಂಚಿನಿಂದ ಅಳೆಯುವ ಬದಲು ಹೊರ ಅಂಚಿನಿಂದ ಅಳೆದಿದ್ದೆ. ವ್ಯತ್ಯಾಸ ೫ ಮಿಲಿಮೀಟರು ಮಾತ್ರ. ತಂತಿ ಬಿಗಿದು, ಮೇಲಿನಿಂದ ೩೨೯.೬, ೨೪೬.೯, ೧೯೬, ೧೪೬.೮, ೧೧೦, ೮೨.೪ ಕಂಪನಗಳಿಗೆ ಆರನ್ನೂ ಶ್ರುತಿ ಮಾಡಿದೆ. ಬರಿದಂತಿ ಸೊಗಸಾಗಿ ನುಡಿಯಿತು. ಹನ್ನೆರಡನೆಯ ಮೆಟ್ಟಿಲನ್ನು ಒತ್ತಿದರೆ ಸ್ವರ ಏರಿಹೋಗಿ ಕಿವಿಗೆ ಕಹಿಯಾಯಿತು. ತಂತಿಯ ಒಟ್ಟು ಉದ್ದ ೬೪೩ಕ್ಕೆ ಇಳಿದಿದ್ದರಿಂದ ಮೆಟ್ಟಿಲಿನ ಆಚೆಗೆ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಕುದುರೆಯ ಮೇಲಿನ ಪುಟ್ಟ ತಿರುಪುಗಳಿಂದ ತಂತಿಯ ಆಸರೆಗಳನ್ನು ಹಿಂದಕ್ಕೆ ಎಳೆದೆ. ತೆಳು ತಂತಿಗಳು ಸರಿಹೋದವು. ದಪ್ಪ ತಂತಿಗಳಿಗೆ ಇನ್ನೂ ಹೆಚ್ಚು ಉದ್ದ ಬೇಕು, ತಿರುಪು ಮುಗಿದುಹೋಯಿತು. ಸಾಲದೆಂಬಂತೆ ಆಂಪ್ಲಿಫೈಯರಿನಲ್ಲಿ ಜೀರುಂಡೆಯಂಥ ಗುಂಯ್‌ಗುಟ್ಟು ಬೇರೆ.

ಎರಡು ದಿನ ಅಪ್ಪನಿಗೆ ಹೇಳಲಿಲ್ಲ. ಮೂರನೆಯ ದಿನ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ, ಅವರು ಹಲಗೆಯ ಕೊಯ್ದ ಚೂರುಗಳನ್ನು ಎಲ್ಲಿಟ್ಟಿದ್ದೀಯೆಂದು ಕೇಳಿದರು. ಅದೇ ಹಲಸಿನ ಚೂರಿನಿಂದ ಬೆಣೆಗಳನ್ನು ಕೆತ್ತಿ, ಅಂಟು ಹಚ್ಚಿ, ಹಳೆಯ ತೂತುಗಳಿಗೆ ಬಡಿದರು. ಒಂದು ರಾತ್ರಿ ಒಣಗಿಸಿ ಹೊಸ ತೂತು ಕೊರೆದೆವು. ಈ ಸಲ ಅಳತೆಪಟ್ಟಿಯನ್ನು ಇಬ್ಬರೂ ಹಿಡಿದಿದ್ದೆವು. ಕುದುರೆ ಬಿಚ್ಚಿದಾಗ ಗುಂಯ್‌ಗುಟ್ಟಿನ ಕಾರಣವೂ ಸಿಕ್ಕಿತು: ಕುದುರೆಯ ಅಡಿಯಿಂದ ಧ್ವನಿಗುಂಡಿಯ ಬೆನ್ನಿಗೆ ಒಂದು ತಂತಿ ಬೆಸೆದು ಭೂಸಂಪರ್ಕ ಕೊಡಬೇಕಿತ್ತು. ಅದನ್ನು ಮರೆತಿದ್ದೆ.

ಕೊನೆಯ ಹದಮಾಡುವಿಕೆಗೆ ಒಂದು ಕ್ರಮವಿದೆ. ಆರು ತಂತಿಗಳ ಸೆಳೆತ ಸೇರಿ ಸುಮಾರು ೪೫ ಕಿಲೋಗ್ರಾಂ ಆಗುತ್ತದೆ. ಆ ಸೆಳೆತಕ್ಕೆ ಕತ್ತು ಬಾಗುತ್ತದೆ. ಕತ್ತಿನೊಳಗೆ ಅಡಗಿರುವ ಉಕ್ಕಿನ ಸರಳನ್ನು ಕಾಲು ಸುತ್ತಿನಂತೆ ತಿರುಗಿಸಿ, ಬಾಗನ್ನು ಕಾಲು ಮಿಲಿಮೀಟರಿನಷ್ಟಕ್ಕೆ ತರುವುದು ಮೊದಲನೆಯದು. ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿಯ ಎತ್ತರವನ್ನು ಎರಡು ಮಿಲಿಮೀಟರಿನೊಳಗೆ ನಿಲ್ಲಿಸುವುದು ಎರಡನೆಯದು. ಆಸರೆಗಳನ್ನು ಹಿಂದೆಮುಂದೆ ಸರಿಸಿ ಶ್ರುತಿ ಕೂಡಿಸುವುದು ಮೂರನೆಯದು: ಒತ್ತಿದ ಸ್ವರ ಏರಿದ್ದರೆ ಆಸರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪಿಕಪ್ಪಿನ ಎತ್ತರ ಕೊನೆಯದು. ಬಹಳ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಸೆಳೆದು ಸ್ವರ ಕೆಡಿಸುತ್ತದೆ. ಕ್ರಮ ತಪ್ಪಿದರೆ ಮೊದಲಿನಿಂದ ತೊಡಗಬೇಕಾದೀತು.

ಮುಗಿದ ಸಂಜೆ ಅಪ್ಪ ಅಂಗಡಿಯ ಬಾಗಿಲಲ್ಲಿ ಕುಳಿತು ಕೇಳಿದರು. ನನಗೆ ಬರುತ್ತಿದ್ದುದು ಮೂರೋ ನಾಲ್ಕೋ ಸ್ವರಗುಚ್ಛ. ಬೆಣೆಯ ಗುರುತುಗಳನ್ನು ಬಣ್ಣದಿಂದ ಮುಚ್ಚಲೇ ಎಂದು ಕೇಳಿದೆ. "ಬೇಡ, ಕಾಣಲಿ. ಮುಂದಿನ ಸಲ ಅಳತೆ ಹಿಡಿಯುವಾಗ ನೆನಪಾಗುತ್ತೆ" ಎಂದರು. ಮುಂದಿನ ಸಲ ಎಂಬ ಮಾತನ್ನು ಅವರೇ ಆಡಿದ್ದು ನನಗೆ ಸಾಕಾಗಿತ್ತು. ಗಿಟಾರು ಈಗಲೂ ಅಂಗಡಿಯ ಗೂಟಕ್ಕೆ ತೂಗುತ್ತಿದೆ. ನೋಡಬಯಸುವ ಮಿತ್ರರಿಗೆ ಸ್ವಾಗತ.