ಮೇಳದವನೊಬ್ಬನು ಹೋದ ಮೇಲೆ

ಕಳೆದ ಶ್ರಾವಣ ಮಾಸದ ಮೊದಲಲ್ಲಿ ನಮ್ಮ ಸಿದ್ದಾಪುರದ ಭಜನಾ ಮೇಳದಲ್ಲಿ ಒಂದು ಜಿಜ್ಞಾಸೆಯು ಹುಟ್ಟಿಕೊಂಡಿತು. ನಾಲ್ವತ್ತು ವರ್ಷಗಳಿಗೂ ಮಿಕ್ಕು ಪೇಟಿ ಬಾರಿಸುತ್ತಿದ್ದ ಹಿರಿಯರೊಬ್ಬರು ಬೇಸಗೆಯಲ್ಲಿ ತೀರಿಕೊಂಡಿದ್ದರು. ಅವರ ಪೇಟಿಗೆ ಅರಿವೆಯನ್ನು ಹೊದಿಸಿ ಗುಡಿಯ ಮೂಲೆಯಲ್ಲಿ ಇರಿಸಿದ್ದಾಗಿತ್ತು. ಶ್ರಾವಣದ ಸೋಮವಾರಗಳು ಸಮೀಪಿಸಿದುವು, ಹಾಡಬೇಕೆ, ಬೇಡವೆ? ಈ ವರ್ಷ ಮೇಳವನ್ನೇ ನಿಲ್ಲಿಸುವುದು ಹಿರಿಯರಿಗೆ ಸಲ್ಲಿಸುವ ಮರ್ಯಾದೆಯೆಂದು ಕೆಲವರೂ, ಪೇಟಿಯಿಲ್ಲದೆ ಬರಿಯ ತಾಳ ತಬಲಾಗಳಿಂದಲೇ ಸಾಗಿಸೋಣವೆಂದು ಕೆಲವರೂ, ಕಾರಟಗಿಯಿಂದ ಬೇರೊಬ್ಬರನ್ನು ಕರೆತರೋಣವೆಂದು ಮತ್ತೆ ಕೆಲವರೂ ವಾದಿಸಿದರು. ನಿಲ್ಲಿಸಬೇಕೆಂದವರೊಡನೆ ನಾವೂ ಸೇರಿದ್ದೆವು. ಆ ಪೇಟಿಯ ಮುಂದೆ ಇನ್ನೊಬ್ಬರು ಕುಳಿತುದನ್ನು ನೋಡಲು ನಮ್ಮ ಕಣ್ಣು ಒಪ್ಪದೆ ಇದ್ದಿತು.

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನು ಆಗ ಊರಿಗೆ ಬಂದಿದ್ದನು. ಕಟ್ಟೆಯ ಮೇಲಿನ ಮಾತನ್ನೆಲ್ಲ ಕೇಳಿ, “ಮಾಮಾ, ಈ ಕಷ್ಟ ನಿಮ್ಮ ಮೇಳಕ್ಕಷ್ಟ ಬಂದದ್ದಲ್ರಿ. ನಾ ಕೇಳೋ ಮೇಳದವ್ರೂ ಇದನ್ನ ಉಂಡಾರ” ಎಂದನು. ಅವನು ಕೇಳುವುದೆಂದರೆ ‘ಹೆವಿ ಮೆಟಲ್’ ಎಂಬ ಪಾಶ್ಚಾತ್ಯ ಸಂಗೀತ. ಭತ್ತದ ಸುಗ್ಗಿಯಲ್ಲಿ ನಮ್ಮೂರ ಸುತ್ತಲಿನ ಅಕ್ಕಿಗಿರಣಿಗಳು ರಾತ್ರಿಯೆಲ್ಲ ಮೊರೆಯುವುದುಂಟು. ಆ ಮೊರೆತಕ್ಕೂ ಇವನ ಸಂಗೀತಕ್ಕೂ ನಾವು ಇದುವರೆಗೆ ಭೇದವೆಣಿಸಿದವರಲ್ಲ. ಆದರೂ ಹುಡುಗನ ಮಾತು ಮನಸ್ಸಿನಲ್ಲಿ ನಿಂತಿತು. ಅವನಿಂದ ಕೇಳಿಯೂ, ಬಳಿಕ ನಾವೇ ಓದಿಯೂ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ. ಮನೆಯಲ್ಲಿ ಕರಿಯ ಅಂಗಿ ತೊಟ್ಟು ಇದೇ ಸಂಗೀತದಲ್ಲಿ ಮುಳುಗಿರುವ ಮಗನುಳ್ಳ ತಾಯಂದಿರು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬಿನ್ನಹ.

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಹೆಸರು ಹೇಗೆ ಬಂದಿತೆಂಬುದಕ್ಕೆ ಬಗೆಬಗೆಯ ವಾದಗಳಿವೆ. ಅದು ಹೇಗೇ ಇರಲಿ, ಲೋಹಕ್ಕೂ ಈ ಸಂಗೀತಕ್ಕೂ ನಿಜವಾದ ನಂಟೊಂದು ಉಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರಖಾನೆಗಳ ನಗರ. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗನು ತಗಡಿನ ಕಾರಖಾನೆಯಲ್ಲಿ ದುಡಿಯುತ್ತಿದ್ದನು. ಗಿಟಾರ್ ಬಾರಿಸಿ ಬದುಕುವೆನೆಂದು ಕೆಲಸ ಬಿಡಲು ನಿಶ್ಚಯಿಸಿ, ಕಡೆಯ ದಿನದ ಕೆಲಸಕ್ಕೆ ಹೋಗಿದ್ದಾಗ ಯಂತ್ರವು ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತು. ಅವನು ಎಡಚ, ತಂತಿಗಳನ್ನು ಒತ್ತಬೇಕಾದುದು ಆ ಬಲಗೈಯಿಂದಲೇ. ಕಾರಖಾನೆಯ ಮೇಲ್ವಿಚಾರಕನು ಮನೆಗೆ ಬಂದು ಒಂದು ಗಾನಮುದ್ರಿಕೆಯನ್ನು ಕೇಳಿಸಿದನಂತೆ. ಅದು ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳುಗಳಿಂದ ಗಿಟಾರನ್ನು ನುಡಿಸಿದ ಜ್ಯಾಂಗೊ ರೈನ್‌ಹಾರ್ಟನದು. ಅಯೋಮಿಯು ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು, ಅದರ ಮೇಲೆ ತೊಗಲನ್ನು ಅಂಟಿಸಿದನು. ನೋವಾಗದಂತೆ ತೆಳುವಾದ ತಂತಿಗಳನ್ನು ಹಾಕಿದನು. ಮುಂದೆ ಅವುಗಳನ್ನು ಸಡಿಲಿಸಿ ಶ್ರುತಿಯನ್ನು ಇಳಿಸಿದನು. ಅದಕ್ಕೂ ಮೊದಲೇ ಅವನ ಭಾರವಾದ ನಾದವು ೧೯೭೦ರಲ್ಲಿ ‘ಬ್ಲ್ಯಾಕ್ ಸ್ಯಾಬತ್’ ಎಂಬ ಮೇಳದ ಮೊದಲ ಗಾನಸಂಪುಟವಾಗಿ ಹೊರಬಿದ್ದಿತು. ಕಳೆದುಹೋದುದರ ಸುತ್ತಲೇ ಕಟ್ಟಿದ ಸಂಗೀತವಿದು ಎಂದು ತಿಳಿದ ಮೇಲೆ ನಮ್ಮ ಕಿವಿ ಸ್ವಲ್ಪ ಮೆತ್ತಗಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಇನ್ನು ಸಾವಿನ ಮಾತಿಗೆ ಬರೋಣ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ೧೯೭೩ರಲ್ಲಿ ಮ್ಯಾಲ್ಕಮ್ ಯಂಗ್, ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ‘ಎಸಿ ಡಿಸಿ’ ಎಂಬ ಮೇಳವನ್ನು ಕಟ್ಟಿದರು. ತಮ್ಮ ಸಂಗೀತವು ಬರಿಯ ರಾಕ್ ಅಂಡ್ ರೋಲ್ ಎಂದೇ ಅವರು ಹೇಳಿಕೊಂಡರೂ ಕೇಳುವವರು ಅವರನ್ನು ಈ ಭಾರಲೋಹದ ಪಂಕ್ತಿಯಲ್ಲಿಯೇ ಕುಳ್ಳಿರಿಸುವುದುಂಟು. ಅವರ ಗಾಯಕ ಬಾನ್ ಸ್ಕಾಟ್ ೧೯೮೦ರ ಫೆಬ್ರವರಿ ೧೯ರಂದು ಲಂಡನ್ನಿನಲ್ಲಿ ಅತಿಯಾದ ಮದ್ಯಪಾನದಿಂದ ಮಡಿದನು, ವಯಸ್ಸು ಮೂವತ್ತಮೂರು. ಆಗಷ್ಟೇ ಕೀರ್ತಿಯು ಕೈಗೆ ಬಂದಿದ್ದ ಮೇಳವದು. ಸಹೋದರರು ಎಲ್ಲವನ್ನೂ ನಿಲ್ಲಿಸಿಬಿಡುವ ಯೋಚನೆಯಲ್ಲಿದ್ದಾಗ, ನಿಲ್ಲಿಸಬೇಡಿರೆಂದು ಅವರಿಗೆ ಧೈರ್ಯ ಹೇಳಿದವನು ಮೃತನ ತಂದೆಯೇ ಎಂದು ಹೇಳುತ್ತಾರೆ. ಮಗನ ಸಾವಿನ ದುಃಖ ಹಸಿಯಾಗಿರುವಾಗ ಆ ಮುದುಕನ ಬಾಯಿಂದ ಆ ಮಾತು ಹೇಗೆ ಹೊರಟಿತೋ!

ಅವರು ಬ್ರಯಾನ್ ಜಾನ್‌ಸನ್ ಎಂಬ ಇಂಗ್ಲಿಷ್ ಗಾಯಕನನ್ನು ಸೇರಿಸಿಕೊಂಡು, ಬಹಾಮಾ ದ್ವೀಪಗಳಿಗೆ ಹೋಗಿ, ಅದೇ ವರ್ಷದ ಜುಲೈಯಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಎಂಬ ಸಂಪುಟವನ್ನು ಹೊರತಂದರು. ಹೊದಿಕೆಯೆಲ್ಲ ಕಪ್ಪು, ಅದು ಸೂತಕದ ಬಣ್ಣ. ಮೊದಲು ಕೇಳಿಬರುವುದು ಹಾಡಲ್ಲ, ಗಂಟೆಯ ನಾದ. ಅದಕ್ಕಾಗಿಯೇ ಸುಮಾರು ಒಂದು ಟನ್ ತೂಕದ ಕಂಚಿನ ಗಂಟೆಯನ್ನು ಲಾಫ್‌ಬರೋ ಎಂಬ ಊರಿನ ಗಂಟೆಯ ಕಾರಖಾನೆಯಲ್ಲಿ ಎರಕ ಹೊಯ್ಯಿಸಿದ್ದರು. ಹೊಸ ಗಾಯಕನು ಬಾಯಿ ತೆರೆಯುವುದಕ್ಕೆ ಮುಂಚೆ ಹಳೆಯವನಿಗಾಗಿ ಗಂಟೆ ಬಾರಿಸುತ್ತದೆ! ಈ ಒಂದು ಏರ್ಪಾಡನ್ನು ನಾವು ಬಹಳವಾಗಿ ಮೆಚ್ಚಿದೆವು. ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾದ ಗಾನಸಂಪುಟಗಳಲ್ಲಿ ಅದೂ ಒಂದೆಂದು ಎಣಿಕೆಯಿದೆ.

ಆ ಮೇಳಕ್ಕೆ ಎರಡನೆಯ ಪೆಟ್ಟು ಬೇರೆ ರೀತಿಯದು. ಮೇಳದ ಬೆನ್ನೆಲುಬಾಗಿದ್ದ ಅಣ್ಣ ಮ್ಯಾಲ್ಕಮನಿಗೆ ಮರೆವಿನ ರೋಗ ಹತ್ತಿತು. ತಾನೇ ಕಟ್ಟಿದ ಹಾಡುಗಳನ್ನು ತಾನೇ ಹೊಸದಾಗಿ ಕಲಿತು, ಆ ಮೇಲೆ ಸಭೆಯ ಮುಂದೆ ನಿಲ್ಲಬೇಕಾಗಿ ಬಂದಿತು. ೨೦೧೪ರಲ್ಲಿ ಅವನು ಬಿಟ್ಟನು. ೨೦೧೭ರ ನವೆಂಬರ್ ೧೮ರಂದು ತೀರಿಕೊಂಡನು. ಅವನ ಜಾಗಕ್ಕೆ ಬಂದವನು ಅಣ್ಣನ ಮಗ ಸ್ಟೀವಿ ಯಂಗ್. ನಮ್ಮ ನಾಟಕ ಕಂಪನಿಗಳಲ್ಲಿ ಒಂದೇ ಮನೆತನದವರು ಪಾತ್ರಗಳನ್ನು ಹಂಚಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಇದರಲ್ಲಿ ಸೋಜಿಗವಿಲ್ಲ. ೨೦೨೦ರಲ್ಲಿ ಬಂದ ಸಂಪುಟದ ಎಲ್ಲ ಹಾಡುಗಳಲ್ಲಿಯೂ ರಚನೆಕಾರರೆಂದು ಆಂಗಸ್, ಮ್ಯಾಲ್ಕಮ್ ಇಬ್ಬರ ಹೆಸರೂ ಇವೆ. ಸತ್ತ ಅಣ್ಣನು ಬಿಟ್ಟುಹೋದ ಸ್ವರಗಳ ತುಣುಕುಗಳಿಂದ ತಮ್ಮನು ಅವುಗಳನ್ನು ಹೊಸೆದನು.

ಎಲ್ಲರೂ ಹೀಗೆ ಮುಂದುವರಿದರೆಂದಲ್ಲ. ‘ಲೆಡ್ ಜೆಪೆಲಿನ್’ ಎಂಬ ಪ್ರಖ್ಯಾತ ಮೇಳದ ಡ್ರಮ್ ವಾದಕ ಜಾನ್ ಬಾನಮ್ ಅದೇ ೧೯೮೦ರ ಸೆಪ್ಟೆಂಬರಿನಲ್ಲಿ ತೀರಿಹೋದಾಗ, ಉಳಿದ ಮೂವರೂ ಡಿಸೆಂಬರಿನಲ್ಲಿ ಮೇಳವನ್ನು ಮುಗಿಸಿದರು. ಅದೂ ಒಂದು ನಿಷ್ಠೆಯೇ. ನಾವು ಕಟ್ಟೆಯ ಮೇಲೆ ಹಿಡಿದ ಪಕ್ಷವೂ ಅದೇ ಆಗಿತ್ತಷ್ಟೆ.

ಆದರೆ ನಮ್ಮ ಅಳಿಯನ ಕಣ್ಣು ಒದ್ದೆಯಾದುದು ‘ಮೆಟಾಲಿಕಾ’ದ ಕಥೆಯನ್ನು ಹೇಳುವಾಗ. ಇದು ೧೯೮೧ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಮೇಳ. ಇವರ ಬೇಸ್ ಗಿಟಾರಿನ ವಾದಕ ಕ್ಲಿಫ್ ಬರ್ಟನ್. ಬೇಸ್ ಎಂದರೆ ಮೇಳದ ತಳಹದಿಯ ಮಂದ್ರನಾದ. ಇರುವಾಗ ಗಮನಕ್ಕೆ ಬಾರದು, ಇಲ್ಲದಿರುವಾಗ ಮನೆಯೇ ತೂಗಾಡಿದಂತಾಗುವುದು. ೧೯೮೬ರ ಸೆಪ್ಟೆಂಬರ್ ೨೭ರ ಬೆಳಗಿನ ಜಾವ, ಸ್ವೀಡನ್ ದೇಶದ ಹೆದ್ದಾರಿಯಲ್ಲಿ ಇವರ ಬಸ್ಸು ಉರುಳಿತು. ಮಲಗುವ ಜಾಗಕ್ಕಾಗಿ ಹಿಂದಿನ ರಾತ್ರಿ ಇಸ್ಪೀಟಿನ ಎಲೆ ಎತ್ತಿ, ಗೆದ್ದು, ಬೇಕಾದ ಹಾಸಿಗೆಯನ್ನು ಆರಿಸಿಕೊಂಡಿದ್ದ ಬರ್ಟನನು ಕಿಟಕಿಯಿಂದ ಹೊರಕ್ಕೆ ಎಸೆಯಲ್ಪಟ್ಟು ಬಸ್ಸಿನಡಿಯಲ್ಲಿ ಸಿಕ್ಕಿ ಮಡಿದನು. ಅವನಿಗಿನ್ನೂ ಇಪ್ಪತ್ತನಾಲ್ಕು.

ಎರಡು ತಿಂಗಳೊಳಗಾಗಿ ಜೇಸನ್ ನ್ಯೂಸ್ಟೆಡ್ ಎಂಬ ಯುವಕನು ಅವನ ಜಾಗದಲ್ಲಿ ನಿಂತಿದ್ದನು. ಇವನು ಮೊದಲಿನಿಂದಲೂ ಆ ಮೇಳದ ಅಭಿಮಾನಿ. ಆದರೆ ಬದುಕಿದವರು ಅಳಬೇಕಾದಷ್ಟು ಅತ್ತಿರಲಿಲ್ಲ. ಅಳದೆ ಉಳಿದ ದುಃಖವೆಲ್ಲವೂ ಈ ಹೊಸಬನ ಮೇಲೆ ಹೊರಳಿತು. ಅವನನ್ನು ಚೇಷ್ಟೆ ಮಾಡಿದರು, ಹೀಗಳೆದರು. ೧೯೮೮ರಲ್ಲಿ ಬಂದ ಸಂಪುಟದಲ್ಲಿ ಅವನ ಬೇಸ್ ನಾದವು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ! ಅಷ್ಟು ತಗ್ಗಿಸಿ ಮುದ್ರಿಸಿದ್ದರು. ಅದೇ ಸಂಪುಟದಲ್ಲಿ ಬರ್ಟನನು ಬಿಟ್ಟುಹೋದ ಸ್ವರಗಳಿಂದ ಕಟ್ಟಿದ ಒಂದು ದೀರ್ಘ ರಚನೆಯುಂಟು. ಸತ್ತವನಿಗೆ ದೊರೆತ ಜಾಗ ಬದುಕಿರುವವನಿಗೆ ದೊರೆಯಲಿಲ್ಲ. ಸವತಿಯ ಒಡವೆ ತೊಟ್ಟು ಅತ್ತೆಮನೆಗೆ ಬಂದ ಎರಡನೆಯ ಸೊಸೆಯ ಪಾಡನ್ನು ಬಲ್ಲ ನಮ್ಮ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹದಿನಾಲ್ಕು ವರ್ಷ ಸವೆದು ೨೦೦೧ರಲ್ಲಿ ಅವನು ಹೊರಟುಹೋದನು. ಅವನ ತರುವಾಯ ೨೦೦೩ರಲ್ಲಿ ರಾಬರ್ಟ್ ಟ್ರುಹಿಯೋ ಬಂದನು.

೨೦೦೯ರ ಏಪ್ರಿಲಿನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಈ ಮೇಳಕ್ಕೆ ದೊಡ್ಡದೊಂದು ಸನ್ಮಾನವಾಯಿತು. ಅಂದು ಬರ್ಟನನ ಪರವಾಗಿ ಅವನ ವೃದ್ಧ ತಂದೆ ರೇ ಬರ್ಟನ್ ವೇದಿಕೆಗೆ ಬಂದನು. ಬಿಟ್ಟುಹೋದ ನ್ಯೂಸ್ಟೆಡನನ್ನೂ ಕರೆಸಿದ್ದರು; ಅವನೂ ಟ್ರುಹಿಯೋವೂ ಒಟ್ಟಿಗೆ ನಿಂತು ಬೇಸ್ ನುಡಿಸಿದರು. ಆ ತಂದೆಯು ಮಗನ ಹಾಡುಗಳಿಂದ ಬರುವ ಹಣವನ್ನು, ಮಗನು ಓದಿದ ಶಾಲೆಯಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದನು. ಅವನು ೨೦೨೦ರಲ್ಲಿ ತೀರಿಕೊಂಡನು.

ಈ ಮೇಳವು ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಎರಡು ದಿನ ಮೊದಲು ದೆಹಲಿಯ ಬಳಿಯ ಗುರಗಾಂವಿನಲ್ಲಿ ನಡೆಯಬೇಕಿದ್ದ ಕಚೇರಿಯು ಜನರ ನೂಕುನುಗ್ಗಲಿನಿಂದ ನಿಂತುಹೋದುದರಿಂದ, ಭಾರತದಲ್ಲಿ ಅವರು ಮೊದಲು ನುಡಿಸಿದುದು ನಮ್ಮ ಕನ್ನಡ ನಾಡಿನ ಮಣ್ಣಿನ ಮೇಲೆಯೇ. ಬರ್ಟನನು ಸತ್ತಾಗ ಹುಟ್ಟಿಯೇ ಇರದ ಎಷ್ಟೋ ಹುಡುಗರು ಅವನು ಇದ್ದಾಗಿನ ಹಾಡುಗಳಿಗೆ ಅಲ್ಲಿ ದನಿಗೂಡಿಸಿದರು.

ದೂರದ ದೇಶಗಳ ಮಾತೇ ಏಕೆ? ನಮ್ಮ ನೆರೆಯ ಗದುಗಿನಲ್ಲಿ ಪಂಚಾಕ್ಷರ ಗವಾಯಿಗಳು ಅಂಧರಾಗಿದ್ದೂ ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಸಂಗೀತವನ್ನು ಕಲಿಸಿ, ಅವರ ಅನ್ನಕ್ಕಾಗಿ ನಾಟಕದ ಕಂಪನಿಯನ್ನೂ ನಡೆಸಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದರು. ಆ ಹೊರೆಯನ್ನು ಹೊತ್ತ ಶಿಷ್ಯರು ಪುಟ್ಟರಾಜ ಗವಾಯಿಗಳು, ತಾವೂ ಅಂಧರೇ. ಗುರುಗಳು ಹೋದ ಮೇಲೆ ಅರುವತ್ತಾರು ವರ್ಷ, ೨೦೧೦ರಲ್ಲಿ ತಾವು ಕಣ್ಮರೆಯಾಗುವವರೆಗೆ, ಪಾಠವನ್ನು ನಡೆಸಿದರು. ಇಂದಿಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ತಬಲಾಗಳ ನಾದ ನಿಂತಿಲ್ಲ.

ಬ್ಲ್ಯಾಕ್ ಸ್ಯಾಬತ್ತಿನ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ೧೯೭೯ರಲ್ಲಿ ಅವರು ತಮ್ಮ ಗಾಯಕ ಆಜಿ ಆಸ್‌ಬರ್ನನನ್ನು ಹೊರಹಾಕಿ, ಬೇರೆ ಗಾಯಕರೊಡನೆ ಮುಂದುವರಿದಿದ್ದರು. ಕಡೆಗೆ ೨೦೨೫ರ ಜುಲೈ ೫ರಂದು, ಮುಪ್ಪಿನಿಂದಲೂ ಕಂಪವಾತದಿಂದಲೂ ನಿಲ್ಲಲಾರದೆ ಕುರ್ಚಿಯಲ್ಲಿ ಕುಳಿತಿದ್ದ ಆಸ್‌ಬರ್ನನೊಡನೆ ಮೊದಲಿನ ನಾಲ್ವರೂ ತಮ್ಮ ಹುಟ್ಟೂರಿನಲ್ಲಿ ಒಂದಾಗಿ ನುಡಿಸಿದರು. ಹದಿನೇಳು ದಿನಗಳ ಬಳಿಕ ಅವನು ಕಾಲವಾದನು.

ನಮ್ಮ ಮೇಳದ ಚರ್ಚೆಯನ್ನು ಮುಗಿಸಿದವರು ನಾವಲ್ಲ, ಆ ಹಿರಿಯರ ಮನೆಯವರು. ಮೊದಲ ಸೋಮವಾರದ ಮುಂಜಾನೆ ಮೊಮ್ಮಗನ ಕೈಯಲ್ಲಿ ಅವರು ಹೇಳಿಕಳುಹಿದರು: “ಪೇಟಿ ಮುಚ್ಚಿಟ್ರ ಇಲಿ ಕಡೀತಾವು. ಬಾರಸ್ರಿ ಅಂತ ಅಮ್ಮ ಹೇಳ್ಯಾಳ್ರಿ.” ಆ ಮೊಮ್ಮಗನನ್ನೇ ಪೇಟಿಯ ಮುಂದೆ ಕುಳ್ಳಿರಿಸಿದರು. ಹುಡುಗನಿಗೆ ಕೈ ಇನ್ನೂ ಕೂತಿಲ್ಲ. ಎರಡನೆಯ ಪದದಲ್ಲಿಯೇ ಸ್ವರ ತಪ್ಪಿದನು. ಅಜ್ಜನು ಪಲ್ಲವಿಗೆ ಮರಳುವಾಗ ಒಂದಿಷ್ಟು ತಡೆದು ಉಸಿರೆಳೆದುಕೊಳ್ಳುತ್ತಿದ್ದರು. ತಬಲಾದವರು ನಾಲ್ವತ್ತು ವರ್ಷದ ರೂಢಿಯಂತೆ ಅಲ್ಲಿ ಕೈ ತಡೆದರು. ಅದನ್ನರಿಯದ ಹುಡುಗನು ಮುಂದೆ ಓಡಿಬಿಟ್ಟನು. ಯಾರೂ ಗದರಲಿಲ್ಲ. ನಮಗೂ ಗದರಬೇಕೆನಿಸಲಿಲ್ಲ, ನ್ಯೂಸ್ಟೆಡನ ನೆನಪಾಯಿತು. ಮೂರನೆಯ ಸೋಮವಾರ ಅದೇ ಪದ ಬಂದಾಗ, ಹುಡುಗನು ಪಲ್ಲವಿಯ ಬಳಿಗೆ ಬಂದು, ತಬಲಾದವರ ಮುಖವನ್ನು ನೋಡಿ, ಬೆರಳುಗಳನ್ನು ಮೇಲೆತ್ತಿ ತಡೆದನು. ತಬಲಾದವರು ತಲೆಯಾಡಿಸಿ ಕೈ ಇಳಿಸಿದರು.