ಓಕ್ ಮರಗಳ ಹುಲ್ಲುಗಾವಲಿಗೆ ಶಾಶ್ವತ ಕರಾರು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬೆಟ್ಟದ ತಪ್ಪಲುಗಳಲ್ಲಿ ಓಕ್ ಮರಗಳು ಹರಡಿನಿಂತ ವಿಶಾಲವಾದ ಹುಲ್ಲುಗಾವಲುಗಳಿವೆ. ಈ ಓಕ್ ಕಾಡಿನಲ್ಲಿ ಸುಮಾರು ಶೇಕಡ 80 ಭಾಗ ಖಾಸಗಿ ಒಡೆತನದಲ್ಲಿದ್ದು, ಹೆಚ್ಚಿನ ಕಡೆ ದನ ಮೇಯುತ್ತವೆ. ಪಟ್ಟಣ ಬೆಳೆದು ನಿವೇಶನದ ಬೆಲೆ ಏರಿದಾಗ ದನದ ಆದಾಯ ಅದಕ್ಕೆ ಸಾಟಿಯಾಗದು. ಮಕ್ಕಳು ಪಾಲಾದಾಗ ಜಮೀನು ತುಂಡಾಗಿ ಮಾರಾಟವಾಗುತ್ತದೆ. ಇದನ್ನು ತಡೆಯಲು ಅಲ್ಲಿನವರು ಬಳಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮರ ಏಕೆ ಬೇಕು?

ಓಕ್ ಎಲೆ ಉದುರಿ ಕೊಳೆಯುವುದರಿಂದ ಮರದಡಿಯ ಮಣ್ಣಿನಲ್ಲಿ ಸಾವಯವ ಅಂಶ ಮತ್ತು ಸಾರಜನಕ ಬಯಲಿಗಿಂತ ಹೆಚ್ಚಾಗಿರುತ್ತವೆ. ಮಳೆಯಿಲ್ಲದ ಬೇಸಿಗೆಯಲ್ಲಿ ದನಗಳಿಗೆ ನೆರಳು ದೊರೆಯುತ್ತದೆ. ಅಲ್ಲಿಯ ನೀಲಿ ಓಕ್ ಬಹಳ ನಿಧಾನವಾಗಿ ಬೆಳೆಯುವ ಜಾತಿ. ಒಮ್ಮೆ ಕಡಿದರೆ ಅದೇ ತಲೆಮಾರಿನಲ್ಲಿ ಅಂಥ ಮರ ಮರಳಿ ಬಾರದು.

ಕರಾರಿನ ಸ್ವರೂಪ

ಹಿಂದಿನ ಹೊಲದವರಿಗೆ ನಿಮ್ಮ ಜಮೀನಿನಲ್ಲಿ ಬಂಡಿದಾರಿ ಇದೆ ಎನ್ನೋಣ. ಜಮೀನು ನಿಮ್ಮದೇ, ದಾರಿ ಮುಚ್ಚುವ ಹಕ್ಕು ಮಾತ್ರ ನಿಮಗಿಲ್ಲ. ಇಂಥದ್ದನ್ನು ಕಾನೂನಿನಲ್ಲಿ ಈಸ್‌ಮೆಂಟ್ ಎನ್ನುತ್ತಾರೆ. 'ಸಂರಕ್ಷಣಾ ಈಸ್‌ಮೆಂಟ್' ಇದನ್ನೇ ಹೋಲುತ್ತದೆ. ಮಾಲೀಕನು ಜಮೀನು ತುಂಡು ಮಾಡುವ, ಬಡಾವಣೆ ಕಟ್ಟುವ ಹಕ್ಕನ್ನು ಒಂದು ಟ್ರಸ್ಟಿಗೆ ಅಥವಾ ಸರ್ಕಾರಕ್ಕೆ ಬಿಟ್ಟುಕೊಡುತ್ತಾನೆ. ಪಡೆದವರೂ ಆ ಹಕ್ಕನ್ನು ಬಳಸುವಂತಿಲ್ಲ. ಕರಾರು ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಒಡೆತನ, ದನ ಮೇಯಿಸುವುದು, ಮಾರುವುದು, ಮಕ್ಕಳಿಗೆ ಕೊಡುವುದು ಎಲ್ಲವೂ ಮಾಲೀಕನಲ್ಲೇ ಉಳಿಯುತ್ತವೆ.

ಬೆಲೆ ಕಟ್ಟುವ ಬಗೆ

ಕರಾರಿಗೆ ಮೊದಲು ಜಮೀನಿನ ಬೆಲೆ 100 ಇದ್ದು, ನಂತರ 60 ಆಗುವುದಾದರೆ, ಬಿಟ್ಟುಕೊಟ್ಟ ಹಕ್ಕಿನ ಬೆಲೆ 40. ಇದನ್ನು ಹಣವಾಗಿ ಪಡೆಯಬಹುದು. ದಾನ ಮಾಡಿದರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ.

ದನ ಸಾಕುವವರೇ 1998ರಲ್ಲಿ ಕ್ಯಾಲಿಫೋರ್ನಿಯಾ ರೇಂಜ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿಕೊಂಡರು. 2005ರಲ್ಲಿ ಕಡಲ ತೀರದ ಹರ್ಸ್ಟ್ ರಾಂಚ್‌ನ ಸುಮಾರು 80,000 ಎಕರೆ ಇಂಥ ಕರಾರಿಗೆ ಒಳಪಟ್ಟಿತು. ಮಾಲೀಕರು ಕೆಲವೇ ಮನೆಗಳನ್ನು ಕಟ್ಟುವ ಹಕ್ಕು ಉಳಿಸಿಕೊಂಡರು. ದನ ಸಾಕಣೆ ಮುಂದುವರಿಯಿತು.

ಗಮನಿಸಬೇಕಾದ ಅಂಶಗಳು

1. ಕ್ಯಾಲಿಫೋರ್ನಿಯಾದ 1979ರ ಕಾನೂನಿನಂತೆ ಈ ಕರಾರು ಶಾಶ್ವತ. ಮೊಮ್ಮಕ್ಕಳೂ, ಮುಂದೆ ಕೊಂಡವರೂ ಅದಕ್ಕೆ ಬದ್ಧರು. ಆದುದರಿಂದ ಮನೆಮಂದಿಯೆಲ್ಲ ಕೂತು ಮಾತನಾಡದೆ ಸಹಿ ಹಾಕಬಾರದು.

2. ಕೊಟ್ಟಿಗೆ, ಬಾವಿ, ಮಗನಿಗೊಂದು ಮನೆ - ಮುಂದೆ ಬೇಕಾಗುವುದನ್ನು ಕರಾರಿನಲ್ಲೇ ಬರೆಸಬೇಕು.

3. ಬೆಲೆ ಇಳಿದ ಜಮೀನಿನ ಆಧಾರದ ಮೇಲೆ ಸಿಗುವ ಸಾಲವೂ ಕಡಿಮೆಯಾಗಬಹುದು.

4. ಕಾಗದದಿಂದ ಸಸಿ ಬೆಳೆಯದು. ಎಳೆಯ ಓಕ್ ಸಸಿಗಳಿಗೆ ದನ, ಜಿಂಕೆ, ಇಲಿಗಳಿಂದ ರಕ್ಷಣೆ ಬೇಕು. ಸುತ್ತಲ ಹುಲ್ಲು ಕೀಳಬೇಕು, ಇಲ್ಲವಾದರೆ ಅದು ನೀರನ್ನು ಕಸಿದುಕೊಳ್ಳುತ್ತದೆ. ಮಣ್ಣು ಕೊಚ್ಚಿಹೋಗದಂತೆ ಋತುವಿನ ಕೊನೆಗೆ ಸ್ವಲ್ಪ ಹುಲ್ಲನ್ನು ಮೇಯಿಸದೆ ಬಿಡಬೇಕು.

ಕರಾರು ಜಮೀನನ್ನು ಒಂದಾಗಿ ಇಡಬಲ್ಲುದು. ಅದರ ಮೇಲಿನ ಮರ, ಹುಲ್ಲು, ದನ ಉಳಿಯುವುದು ಸಾಗುವಳಿದಾರನ ಕೈಯಲ್ಲೇ ಇದೆ ಎಂಬುದನ್ನು ಮರೆಯಬಾರದು.