ದ್ರಾಕ್ಷಿ ಗುಡ್ಡಗಳಲ್ಲಿ ಸೈಕಲ್ ಸವಾರಿ: ಆಲ್ಸಾಸಿನ ಹಳ್ಳಿಗಳಿಂದ ರೈತರು ತಿಳಿಯಬೇಕಾದುದು

ಫ್ರಾನ್ಸ್ ದೇಶದ ಈಶಾನ್ಯ ಮೂಲೆಯಲ್ಲಿ ಆಲ್ಸಾಸ್ ಎಂಬ ಪ್ರಾಂತ್ಯವಿದೆ. ಪಶ್ಚಿಮಕ್ಕೆ ವೋಜ್ ಪರ್ವತಸಾಲು, ಪೂರ್ವಕ್ಕೆ ರೈನ್ ನದಿ, ನದಿಯಾಚೆ ಜರ್ಮನಿ. ಪರ್ವತದ ತಪ್ಪಲಿನ ಇಳಿಜಾರುಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 200ರಿಂದ 400 ಮೀಟರ್ ಎತ್ತರದಲ್ಲಿ, ದ್ರಾಕ್ಷಿ ತೋಟಗಳು ಉದ್ದಕ್ಕೂ ಹಬ್ಬಿವೆ. ಅಲ್ಲಿನ ಹಳ್ಳಿಗಳನ್ನು ಜೋಡಿಸಿ 1953ರಲ್ಲಿ ಸುಮಾರು 170 ಕಿ.ಮೀ. ಉದ್ದದ 'ವೈನ್ ಮಾರ್ಗ'ವನ್ನು ಗುರುತಿಸಲಾಯಿತು. ಈಗ ತೋಟಗಳ ನಡುವಿನ ಕಿರುದಾರಿಗಳನ್ನು ಬಳಸಿಕೊಂಡು ಸೈಕಲ್ ಸವಾರರಿಗೂ ಮಾರ್ಗವಿದೆ.

ಗಂಡ-ಹೆಂಡತಿ ಇಬ್ಬರು ಬಾಡಿಗೆ ಸೈಕಲ್ ಹಿಡಿದು ಬೆಳಿಗ್ಗೆ ಕೊಲ್ಮಾರ್ ಪಟ್ಟಣ ಬಿಟ್ಟರೆ ತುರ್ಕೈಮ್, ಕೈಸೆರ್ಸ್‌ಬೆರ್ಗ್, ರಿಕ್ವೀರ್, ಹುನಾವೀರ್, ರಿಬೊವಿಲ್ಲೆ ಹಳ್ಳಿಗಳನ್ನು ನೋಡಿಕೊಂಡು ಸಂಜೆಗೆ ಹಿಂತಿರುಗಬಹುದು. ಒಟ್ಟು ಸುಮಾರು 45 ಕಿ.ಮೀ. ಏರು ಬಂದಾಗ ಇಳಿದು ತಳ್ಳಬೇಕಾಗುತ್ತದೆ, ಅಷ್ಟೆ. ಇಂಥ ಜೋಡಿಗಳು ಅಲ್ಲಿ ದಿನನಿತ್ಯದ ನೋಟ. ಅವರಿಗೆ ಇದು ವಿಹಾರ. ತೋಟದ ಒಡೆಯನಿಗೆ ಮನೆಬಾಗಿಲಿಗೆ ಬಂದ ಮಾರುಕಟ್ಟೆ. ಈ ಎರಡನೆಯ ಕಾರಣಕ್ಕೇ ಈ ಲೇಖನ.

ಮಳೆ ಮತ್ತು ಇಳಿಜಾರು

ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗುವುದನ್ನು ನಾವೆಲ್ಲ ಬಲ್ಲೆವು. ವೋಜ್ ಪರ್ವತವೂ ಹಾಗೆಯೇ ಪಶ್ಚಿಮದ ಮೋಡಗಳನ್ನು ತಡೆಯುತ್ತದೆ. ಆದ್ದರಿಂದ ಕೊಲ್ಮಾರ್ ಸುತ್ತಮುತ್ತ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ ಮಳೆ. ಹಾಗಿದ್ದರೂ ಫಸಲು ಕೊಡುವ ತೋಟಗಳಿಗೆ ಸಾಮಾನ್ಯವಾಗಿ ನೀರು ಹಾಯಿಸುವುದಿಲ್ಲ. ಚಳಿ ದೇಶವಾದ್ದರಿಂದ ನೀರು ಆವಿಯಾಗುವುದು ಕಡಿಮೆ. ಹಳೆಯ ಬಳ್ಳಿಗಳ ಬೇರುಗಳೂ ಆಳಕ್ಕೆ ಇಳಿದಿರುತ್ತವೆ.

ದಕ್ಷಿಣ ಹಾಗೂ ಆಗ್ನೇಯಕ್ಕೆ ಮುಖಮಾಡಿದ ಇಳಿಜಾರುಗಳಿಗೆ ಅಲ್ಲಿ ಹೆಚ್ಚಿನ ಬೆಲೆ. ಉತ್ತರದ ಆ ನಾಡಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಸೂರ್ಯ ಕೆಳಮಟ್ಟದಲ್ಲೇ ಚಲಿಸುವುದರಿಂದ, ಬಿಸಿಲು ನೇರವಾಗಿ ತಾಗುವ ಇಳಿಜಾರಿನಲ್ಲೇ ಹಣ್ಣು ಚೆನ್ನಾಗಿ ಪಕ್ವವಾಗುತ್ತದೆ. ನಮ್ಮ ವಿಜಯಪುರದಲ್ಲಿ ಇದರ ತದ್ವಿರುದ್ಧ: ಬಿಸಿಲಿಗೆ ಕಾಯಿ ಸುಡದಂತೆ ಎಲೆಯ ನೆರಳು ಕಾಪಾಡುವುದೇ ಕೆಲಸ. ಆದಕಾರಣ ಅವರ ತಂತಿಬೇಲಿಯಂಥ ಎತ್ತರದ ಹಂದರವನ್ನು ಕಂಡು ಬಂದು ಇಲ್ಲಿ ಹಾಗೆಯೇ ಹಾಕುವುದು ಜಾಣತನವಲ್ಲ.

ಇಳಿಜಾರಿಗೆ ಸಾಲಾಗಿ ಬರುವ ತೊಂದರೆ ಮಣ್ಣಿನದು. ಸಾಲುಗಳು ಅನೇಕ ಕಡೆ ಮೇಲಿನಿಂದ ಕೆಳಕ್ಕೆ ಇವೆ. ಬಿರುಸು ಮಳೆ ಬಂದರೆ ಸಾಲಿನ ನಡುವಿನ ಜಾಗವೇ ಕಾಲುವೆಯಾಗಿ ಮೇಲ್ಮಣ್ಣು ಹಳ್ಳಿಯ ಬೀದಿಗೆ ಇಳಿಯುತ್ತದೆ. ಇದಕ್ಕಾಗಿ ಸಾಲುಗಳ ನಡುವೆ ಹುಲ್ಲು ಬೆಳೆಯಲು ಬಿಟ್ಟು ಆಗಾಗ್ಗೆ ಕತ್ತರಿಸುತ್ತಾರೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ, ಟ್ರಾಕ್ಟರಿನ ಗಾಲಿ ಹೂಳುವುದಿಲ್ಲ. ಆದರೆ ಒಣ ಬೇಸಿಗೆಯಲ್ಲಿ ಅದೇ ಹುಲ್ಲು ಬಳ್ಳಿಯ ನೀರನ್ನು ಕುಡಿಯುತ್ತದೆ. ಹಾಗಾಗಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹುಲ್ಲು, ಉಳಿದುದರಲ್ಲಿ ಉಳುಮೆ ಎಂಬ ಪದ್ಧತಿ ಸಾಮಾನ್ಯ. ಬಹಳ ಕಡಿದಾದ ಕಡೆ ಕಲ್ಲುಕಟ್ಟಿದ ಮೆಟ್ಟಿಲು ತಾಕುಗಳಿವೆ.

ಕೆಲವು ಸಾಲುಗಳ ತುದಿಯಲ್ಲಿ ಗುಲಾಬಿ ಗಿಡ ಕಾಣಬಹುದು. ಬೂದಿರೋಗ ಮೊದಲು ಗುಲಾಬಿಗೆ ತಗಲಿ ಎಚ್ಚರಿಸುತ್ತದೆಂಬ ಮಾತಿದೆ. ಗುಲಾಬಿಯ ಬೂದಿರೋಗದ ಶಿಲೀಂಧ್ರ ಬೇರೆ, ದ್ರಾಕ್ಷಿಯದು ಬೇರೆ. ಆದ್ದರಿಂದ ಗುಲಾಬಿಯನ್ನು ನಂಬಿ ಕೂರಬಾರದು. ಅಂದಕ್ಕೆ ಇರಲಿ.

ದಾರಿಹೋಕ ಮತ್ತು ದ್ರಾಕ್ಷಿ

ದಾರಿಯಲ್ಲಿ ಹೋಗುವವರಿಗೂ ದ್ರಾಕ್ಷಿ ಬೆಳೆಗಾರನಿಗೂ ಹಳೆಯ ಜಗಳ. ಫ್ರಾನ್ಸಿನ ಇನ್ನೊಂದು ಮೂಲೆಯ ಬೋರ್ಡೊ ಸೀಮೆಯಲ್ಲಿ, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣದ ನೀರನ್ನು ಚಿಮುಕಿಸುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ, ಬೂಜು ತುಪ್ಪಟ ರೋಗದಿಂದ ಉಳಿದ ಬಳ್ಳಿಗಳ ಎಲೆ ಉದುರಿದ್ದರೂ ಈ ಬಳ್ಳಿಗಳು ಹಸಿರಾಗಿರುವುದನ್ನು ಗಮನಿಸಿದನು; 1885ರಲ್ಲಿ ಪ್ರಕಟಿಸಿದನು. ನಮ್ಮ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಮೂಲ ಇದೇ.

ಇಂದು ಆಲ್ಸಾಸಿನ ಬೆಳೆಗಾರ ದಾರಿಹೋಕನನ್ನು ಒಳಗೆ ಕರೆಯುತ್ತಾನೆ. ಸ್ವಂತ ನೆಲಮಾಳಿಗೆಯಲ್ಲಿ ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್ ಮೊದಲಾದ ತಳಿಗಳ ವೈನನ್ನು ರುಚಿನೋಡಲು ಕೊಡುತ್ತಾನೆ. ಸವಾರರು ಬಾಯಿಗೆ ಹಾಕಿ ಉಗುಳುವುದೂ ಉಂಟು, ಏಕೆಂದರೆ ಕುಡಿದು ಓಡಿಸಬಾರದೆಂಬ ಕಾನೂನು ಅಲ್ಲಿ ಸೈಕಲಿಗೂ ಅನ್ವಯಿಸುತ್ತದೆ. ಸೈಕಲಿನ ಮೇಲೆ ಎಷ್ಟು ಬಾಟಲಿ ಒಯ್ದಾರು? ಎರಡೋ ಮೂರೋ. ಆದರೆ ಮನೆಗೆ ಹೋದ ಮೇಲೆ ಅದೇ ಹೆಸರಿನ ಬಾಟಲಿಗಾಗಿ ಪತ್ರ ಬರೆಯುವವರು ಇವರೇ.

1972ರಿಂದ ಆಲ್ಸಾಸ್ ವೈನನ್ನು ಆ ಪ್ರಾಂತ್ಯದಲ್ಲಿಯೇ, ಉದ್ದ ಕತ್ತಿನ ಬಾಟಲಿಯಲ್ಲಿ ತುಂಬಬೇಕೆಂಬ ಕಟ್ಟಳೆಯಿದೆ. ಇದರ ಫಲವಾಗಿ ಬಾಟಲಿ ತುಂಬುವ ಕೂಲಿಯೂ ಲಾಭವೂ ಊರಿನಲ್ಲೇ ಉಳಿಯಿತು. ನೆಲಮಾಳಿಗೆ ಕಟ್ಟಿಸಲಾರದ ಸಣ್ಣ ಹಿಡುವಳಿದಾರರಿಗೆ ಸಹಕಾರಿ ಸಂಘಗಳಿವೆ. ರಿಬೊವಿಲ್ಲೆಯ ಸಂಘ 1895ರಷ್ಟು ಹಳೆಯದು.

ನಮ್ಮಲ್ಲಿಯೂ ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಸೈಕಲ್ ಸವಾರರು ಬರುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆ ಅದು; ಈ ತಳಿಗೆ ಭೌಗೋಳಿಕ ಗುರುತೂ ದೊರೆತಿದೆ. ವೈನ್ ತಯಾರಿಸಿ ಮಾರಲು ಅಬಕಾರಿ ಪರವಾನಗಿ ಬೇಕು, ಅದು ಎಲ್ಲರಿಗೂ ಆಗದ ಮಾತು. ಹಣ್ಣು ಮತ್ತು ರಸವನ್ನು ತೋಟದ ಬಳಿ ಮಾರಲು ಮುಂದಾಗುವವರು ಒಂದನ್ನು ಮರೆಯಬಾರದು: ತೊಳೆಯದೆಯೇ ಬಾಯಿಗೆ ಹಾಕಿಕೊಳ್ಳುವ ಗಿರಾಕಿ ಇವನು. ಔಷಧಿ ಡಬ್ಬಿಯ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಳೆಯದೆ ಗೊಂಚಲು ಕೀಳಬಾರದು. ಕೊನೆಯ ಸಿಂಪರಣೆಯ ತಾರೀಖನ್ನು ಹಲಗೆಯ ಮೇಲೆ ಬರೆದು ತೋಟದ ಬಾಗಿಲಿಗೆ ತೂಗುಹಾಕಿರಿ.